ಮೂರು ಗರ್ನಾಲು

ಅಫಜಲಪುರದ ತಹಶೀಲ ಕಚೇರಿಯ ಎದುರಿಗೆ, ಬೇವಿನ ಗಿಡದ ಕೆಳಗೆ, ಮೇಜು ಕುರ್ಚಿ ಹಾಕಿಕೊಂಡು ಮೂವತ್ತೊಂದು ವರ್ಷದಿಂದ ನಾನು ಮಂದಿಯ ಅರ್ಜಿ ಬರೆಯುತ್ತಿದ್ದೇನೆ. ನನ್ನ ಹೆಸರು ಮಲ್ಲಣ್ಣ. ಊರವರು ಅರ್ಜಿ ಮಲ್ಲಣ್ಣ ಎನ್ನುತ್ತಾರೆ. ಹೊಲದ ಪಹಣಿ, ವಿಧವಾ ವೇತನ, ಸಾವಿನ ದಾಖಲೆ, ಅಣ್ಣತಮ್ಮಂದಿರ ತಕರಾರು, ಎಲ್ಲವೂ ನನ್ನ ಪೆನ್ನಿನಿಂದ ಇಳಿದೇ ಒಳಗೆ ಹೋಗುತ್ತವೆ. ಹೇಳಿದ್ದನ್ನು ಬರೆಯುವುದು ನನ್ನ ಕೆಲಸ, ಖರೆ ಸುಳ್ಳು ನೋಡುವುದು ಸಾಹೇಬರ ಕೆಲಸ ಎಂದು ಮೊದಲಿನಿಂದಲೂ ನಂಬಿಕೊಂಡು ಬಂದವನು ನಾನು. ಆ ನಂಬಿಕೆಯಲ್ಲಿ ಬಹಳ ಸುಖವಿತ್ತು. ತುಳಜಾಬಾಯಿ ಎಂಬ ಹೆಂಗಸು ಕಳೆದ ವರ್ಷ ಆ ಸುಖವನ್ನು ಕಿತ್ತುಕೊಂಡಳು. ಅವಳ ಬಗ್ಗೆ ಬರೆಯಬೇಕು ಅನ್ನಿಸಿದೆ. ಈ ಸಲ ಯಾರೂ ಹೇಳಿ ಬರೆಸುತ್ತಿಲ್ಲ.

ತುಳಜಾಬಾಯಿಯ ತವರು ಆಳಂದ ತಾಲೂಕಿನ ಮಟಕಿ. ಕೊಟ್ಟದ್ದು ಸೊನ್ನ ಬ್ಯಾರೇಜಿನ ಹಿನ್ನೀರಿಗೆ ಹತ್ತಿಕೊಂಡ ಒಂದು ಹಳ್ಳಿಗೆ. ಆ ಹಳ್ಳಿಯ ಹೆಸರು ಇಲ್ಲಿ ಬೇಡ, ಅದಕ್ಕೆ ಈಗಾಗಲೇ ಸಾಕಷ್ಟು ಹೆಸರು ಬಂದಿದೆ. ಎತ್ತರದ ಹೆಂಗಸು, ಮಾತು ಕಡಿಮೆ. ಒಬ್ಬಳೇ ಮಗಳು ಶಾಂಭವಿಯ ಓದಿಗೆಂದು ಅಫಜಲಪುರಕ್ಕೆ ಬಂದು ಎರಡು ಖೋಲಿಯ ಬಾಡಿಗೆ ಮನೆ ಹಿಡಿದಳು. ಬಸ್‌ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಗಂಡನ ಪಿಂಚಣಿ ಬರುವಾಗ ರೊಟ್ಟಿ ಯಾಕೆ ಬಡಿಯಬೇಕು ಎಂದು ಕೇಳಿದವರಿಗೆ, "ಕೈ ಸುಮ್ನ ಕುಂದ್ರಂಗಿಲ್ರಿ" ಎಂದಷ್ಟೇ ಅವಳ ಉತ್ತರ. ಯಾರಾದರೂ ಅವಳನ್ನು ಹುತಾತ್ಮರ ಹೆಂಡತಿ ಎಂದು ಪರಿಚಯ ಮಾಡಿಸಿದರೆ ಸೆರಗು ಎಳೆದುಕೊಂಡು ಆ ಜಾಗ ಬಿಟ್ಟು ಹೋಗಿಬಿಡುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆವು. ನಾವು ಬಹಳ ಜಾಣರು.

ಅವಳ ಗಂಡ ಹಣಮಂತರಾಯ ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯದ ಭರ್ತಿಯಲ್ಲಿ ಓಡಿ ಗೆದ್ದು ಸಿಪಾಯಿಯಾದವನು. ಸಣ್ಣ ಮೀಸೆ, ಮೆಲ್ಲಗೆ ಮಾತು. ರಜೆಗೆ ಬಂದಾಗ ತಹಶೀಲಿಗೆ ಏನಾದರೂ ಕೆಲಸವಿದ್ದರೆ ನನ್ನ ಮೇಜಿನ ಪಕ್ಕ ಕೂತು ಚಹಾ ಕುಡಿಯುತ್ತಿದ್ದ. ಮಿಲ್ಟ್ರಿಯ ಕತೆ ಹೇಳು ಎಂದರೆ, "ಭಾಳ ಚಳಿ ಅದರಿ" ಎಂದು ಚಹಾ ಗುಟುಕರಿಸುತ್ತಿದ್ದ. ಹದಿನಾಲ್ಕು ವರ್ಷ ಸೇವೆ ಮಾಡಿದ. ಇನ್ನೊಂದು ವರ್ಷ ತುಂಬಿದ್ದರೆ ಪಿಂಚಣಿ ಹಿಡಿದು ಮನೆಗೆ ಬರಬಹುದಿತ್ತು.

2011ರ ಎಳ್ಳಮಾವಾಸ್ಯೆಯ ದಿನ ಮನೆಯವರೆಲ್ಲ ಹೊಲದಲ್ಲಿದ್ದಾಗ ಅವನ ಫೋನು ಬಂದಿತ್ತು. ಅದಾಗಿ ಮೂರನೆಯ ದಿನಕ್ಕೆ ಅವನು ಸತ್ತ ಸುದ್ದಿ ಬಂತು, ಆರನೆಯ ದಿನಕ್ಕೆ ಪೆಟ್ಟಿಗೆ ಬಂತು. ಮಣ್ಣಿಗೆ ನಾನೂ ಹೋಗಿದ್ದೆ. ಇಡೀ ಊರು ರಸ್ತೆಗೆ ಬಂದು ನಿಂತಿತ್ತು. ಒಂದು ಗಾಡಿ, ಇಬ್ಬರು ಜವಾನರು, ಒಬ್ಬ ಸುಭೇದಾರ, ಇಷ್ಟೇ ಮಂದಿ. ಪೆಟ್ಟಿಗೆಯ ಜೊತೆಗೆ ಅವನ ಕಪ್ಪು ಟ್ರಂಕೂ ಬಂದಿತ್ತು. ಬಟ್ಟೆಗಳನ್ನು ಮಡಿಚಿ, ಮೇಲೆ ಮಗಳಿಗೆಂದು ಕೊಂಡ ಕೆಂಪು ಸ್ವೆಟರ್ ಇಟ್ಟು, ಹಗ್ಗ ಬಿಗಿದಿತ್ತು. ಸಂಗಡಿಗರು ಎಷ್ಟು ಅಕ್ಕರೆಯಿಂದ ಕಟ್ಟಿ ಕಳಿಸಿದ್ದಾರೆ ನೋಡಿ ಎಂದು ನಾವೆಲ್ಲ ಮಾತಾಡಿಕೊಂಡೆವು.

ಆ ಸುಭೇದಾರ ಮರಾಠಿ ಮನುಷ್ಯ. ಮಹಾರಾಷ್ಟ್ರದ ಗಡಿ ಕಡೆಯ ಮಟಕಿಯ ಹೆಣ್ಣುಮಗಳಿಗೆ ಮರಾಠಿ ಬರುತ್ತದೆ ಎಂದು ತಿಳಿದು ಅವಳನ್ನೂ ಮೈದುನ ಗುರುಪಾದನನ್ನೂ ದನದ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ವಿಷಯ ಹೇಳಿದ. ಆ ವಿಷಯ ನನಗೆ ತಿಳಿದದ್ದು ಹದಿನಾಲ್ಕು ವರ್ಷದ ಮೇಲೆ. ಆದರೆ ಓದುವವರನ್ನು ಅಷ್ಟು ದಿನ ಕಾಯಿಸುವುದು ಸರಿಯಲ್ಲ. ಹಣಮಂತರಾಯ ಶತ್ರುವಿನ ಗುಂಡಿಗೆ ಸತ್ತಿರಲಿಲ್ಲ. ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದ. ಹಾಗೆ ಸತ್ತ ಸಿಪಾಯಿಗೆ ಸೈನ್ಯ ಗುಂಡು ಹಾರಿಸಿ ವಂದನೆ ಕೊಡುವುದಿಲ್ಲ, ಅದು ಅವರ ನಿಯಮ. ಸುಭೇದಾರ ಒಂದು ಲಕೋಟೆಯನ್ನೂ ಸಣ್ಣ ಡಬ್ಬಿಯಲ್ಲಿ ಎರಡು ಪದಕಗಳನ್ನೂ ಅವಳ ಕೈಗಿಟ್ಟ. ಒಂಬತ್ತು ವರ್ಷ ನಡತೆ ಕೆಡಿಸಿಕೊಳ್ಳದೆ ದುಡಿದದ್ದಕ್ಕೆ ಒಂದು, ಹಿಮದ ಎತ್ತರದಲ್ಲಿ ಕಾವಲು ನಿಂತದ್ದಕ್ಕೆ ಒಂದು. ಮನೆಯವರು ಎಂದಾದರೂ ಹಾಕಿಕೊಳ್ಳುವುದಾದರೆ ಬಲ ಎದೆಗೆ ಹಾಕಿಕೊಳ್ಳಬೇಕು, ಎಡ ಎದೆ ಗಳಿಸಿದವನದು ಎಂದೂ ಹೇಳಿದ.

ಕುಣಿಯ ಹತ್ತಿರ ಎಲ್ಲರೂ ಕಾದರು. ಟೀವಿಯಲ್ಲಿ ನೋಡಿದ್ದೆವಲ್ಲ, ಬಂದೂಕು ಮೇಲೆತ್ತಿ ಮೂರು ಸಲ ಹಾರಿಸುತ್ತಾರೆ. ಹಾರಿಸಲಿಲ್ಲ. ಮುದುಕಿ ಗುರಮ್ಮ, ಹಣಮಂತರಾಯನ ತಾಯಿ, ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿ ಸುತ್ತ ನೋಡಿದಳು.

"ನನ್ನ ಮಗಗ ಗುಂಡ ಯಾಕ ಹಾರಸ್ಲಿಲ್ಲೋ ಗುರುಪಾದ? ಅವ ಏನ ತಪ್ಪ ಮಾಡ್ಯಾನ?"

ಗುರುಪಾದನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಪಿಯುಸಿ ಮುಗಿಸಿ ಖಾಲಿ ತಿರುಗುತ್ತಿದ್ದ. ಮಂದಿ ಒಬ್ಬರ ಮುಖ ಒಬ್ಬರು ನೋಡತೊಡಗಿದ್ದರು. ಅವನು ಗಟ್ಟಿ ದನಿಯಲ್ಲಿ, "ಗಡಿಮ್ಯಾಲ ಹಾರಿಸ್ಯಾರವ್ವ. ಇಲ್ಲಿ ಊರು ಹಾರಸ್ಬೇಕು, ಅದು ರೀತಿ" ಎಂದ. ಮದುವೆ, ದೇವರ ಕಾರ್ಯಗಳಲ್ಲಿ ಕಬ್ಬಿಣದ ಕೊಳವೆಗೆ ಮದ್ದು ಜಡಿದು ಗರ್ನಾಲು ಹಾರಿಸುವವನೊಬ್ಬ ಗುಂಪಿನಲ್ಲೇ ಇದ್ದ. ಅವನನ್ನು ಓಡಿಸಿ ಗರ್ನಾಲು ತರಿಸಿದರು. ಮೂರು ಗರ್ನಾಲು ಹಾರಿದವು. ಹಿನ್ನೀರಿನ ಮೇಲಿನ ಹಕ್ಕಿಗಳೆಲ್ಲ ಎದ್ದವು. ಐದು ವರ್ಷದ ಶಾಂಭವಿ ಎರಡೂ ಕಿವಿ ಮುಚ್ಚಿಕೊಂಡು ಒಂದು, ಎರಡು, ಮೂರು ಎಂದು ಎಣಿಸಿದಳು. ಗುರಮ್ಮ ಸಮಾಧಾನದಿಂದ ಮಣ್ಣು ಹಾಕಿದಳು. ಸುಭೇದಾರ ತಲೆ ತಗ್ಗಿಸಿ ನಿಂತಿದ್ದ. ನಿಜ ಹೇಳುತ್ತೇನೆ, ಗುರುಪಾದನ ಜಾಗದಲ್ಲಿ ಆ ಗಳಿಗೆಗೆ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದರೆ ಗುರುಪಾದ ಅಲ್ಲಿಗೆ ನಿಲ್ಲಲಿಲ್ಲ. ಎರಡು ತಿಂಗಳಾದ ಮೇಲೆ ನನ್ನ ಮೇಜಿಗೆ ಬಂದ. ಅಣ್ಣನ ಪುತ್ಥಳಿಗೆ, ಸ್ಮಾರಕಕ್ಕೆ ಊರ ಪಂಚಾಯ್ತಿಯಿಂದ ಜಾಗ ಬೇಕು, ಅರ್ಜಿ ಬರೆಯಿರಿ ಎಂದ. ಸಾವಿನ ಕಾಗದ ಎಲ್ಲಿ ಎಂದು ಕೇಳಿದೆ. "ವೈನಿ ಹಂತೇಕ ಅದರಿ, ಆಮ್ಯಾಲ ತರ್ತೇನಿ" ಎಂದು ಅತ್ತಿಗೆಯ ಮೇಲೆ ಹಾಕಿದ. ನಾನು ಬರೆದೆ. 'ದೇಶದ ಗಡಿಯಲ್ಲಿ ಶತ್ರುಗಳೊಡನೆ ಹೋರಾಡುತ್ತ ವೀರಮರಣವನ್ನಪ್ಪಿದ' ಎಂದು ಬರೆದೆ. ವೀರಮರಣ ಎಂಬ ಶಬ್ದವನ್ನು ಅವನು ಹೇಳಿಯೂ ಇರಲಿಲ್ಲ. ಅದು ನನ್ನದೇ ಕೊಡುಗೆ. ಅಕ್ಷರ ದುಂಡಗೆ ಬಂದಿವೆ ಎಂದು ಒಮ್ಮೆ ಓದಿ ಖುಷಿಯೂ ಪಟ್ಟಿದ್ದೆ. ಕಾಗದ ಅವನು ತರಲಿಲ್ಲ, ನಾನು ಕೇಳಲಿಲ್ಲ, ಪಂಚಾಯ್ತಿಯೂ ಕೇಳಲಿಲ್ಲ. ಹುತಾತ್ಮನ ಮನೆಯವರ ಹತ್ತಿರ ಕಾಗದ ಕೇಳುವ ಎದೆ ಯಾರಿಗಿದೆ?

ಪುತ್ಥಳಿ ನಿಂತಿತು. ಮಾಡಿದವನು ಹಣಮಂತರಾಯನಿಗೆ ಹೆಬ್ಬೆರಳಿನಷ್ಟು ದಪ್ಪನೆಯ ಮೀಸೆ ಅಂಟಿಸಿದ್ದ. ಅದರ ಹಿಂದೆಯೇ ಸ್ಮಾರಕದ ಜಾಗದಲ್ಲಿ ಮೂರು ಅಂಗಡಿ ಎದ್ದವು, ಬಾಡಿಗೆ ಗುರುಪಾದನಿಗೆ. ಪ್ರತಿ ವರ್ಷ ಅಣ್ಣನ ತಿಥಿಗೆ ಮೂರು ಗರ್ನಾಲು ಹಾರಿಸುತ್ತಿದ್ದ. ಒಂದು ಆಗಸ್ಟ್ ಹದಿನೈದಕ್ಕೆ ಅಣ್ಣನ ಟೊಪ್ಪಿಗೆ ಹಾಕಿಕೊಂಡು ಬಂದ, ನೋಡಿದವರ ಕಣ್ಣು ತುಂಬಿತು. ಮರುವರ್ಷ ಅಂಗಿಯೂ ಬಂತು. ಆಮೇಲೊಂದು ದಿನ ತುಳಜಾಬಾಯಿಯ ಮನೆಗೆ ಹೋಗಿ, ಒಂದೇ ದಿನದ ಮಟ್ಟಿಗೆ, ಧ್ವಜ ಏರಿಸುವ ಸಮಾರಂಭಕ್ಕೆ ಎಂದು ಎರಡೂ ಪದಕ ಇಸಕೊಂಡು ಹೋದ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎನ್ನುತ್ತಾರಲ್ಲ, ಅದೇ ಆಯಿತು. ಅವಳು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ಕೇಳಿದರೆ ಬೇರೆ ಮಾತೂ ಎದ್ದೀತು ಎಂಬ ಅಂಜಿಕೆ.

ಗುರಮ್ಮ ತೀರಿಕೊಂಡ ಮೇಲಂತೂ ಅವನಿಗೆ ಕಡಿವಾಣವೇ ಇರಲಿಲ್ಲ. ಅಫಜಲಪುರದ ರಸ್ತೆಗೆ 'ಹುತಾತ್ಮ ಹಣಮಂತರಾಯ ಸೈನಿಕ ತರಬೇತಿ ಕೇಂದ್ರ' ಎಂಬ ಬೋರ್ಡು ಬಿತ್ತು. ಕೆಳಗೆ 'ಮಾಜಿ ಸೈನಿಕ ಗುರುಪಾದ' ಎಂದು ಬರೆದಿತ್ತು. ಅಣ್ಣನ ಜೊತೆ ಅದೇ ಚೌಕಿಯಲ್ಲಿ ತಾನೂ ಇದ್ದೆ, ಅಣ್ಣ ತನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ ಎಂದು ಹೊಸಬರಿಗೆ ಹೇಳುತ್ತಿದ್ದ. ಸೈನ್ಯಕ್ಕೆ ಸೇರಿಸುತ್ತಾನೆಂಬ ಆಸೆಗೆ ಆಳಂದ, ಜೇವರ್ಗಿ ಕಡೆಯಿಂದಲೂ ತಂದೆತಾಯಿಗಳು ಎಮ್ಮೆ ಮಾರಿ ಫೀ ತುಂಬಿದರು. ಎದೆಯ ಮೇಲೆ ಎರಡು ಪದಕದ ಪಕ್ಕ ಮೂರನೆಯದೊಂದು ಹೊಳೆಯತೊಡಗಿತು. ಶೌರ್ಯಕ್ಕೆ ಕೊಟ್ಟದ್ದಂತೆ. ಊರಲ್ಲಿ ಅವನನ್ನು ಸಣ್ಣಂದಿನಿಂದ ನೋಡಿದವರಿಗೆ ಅವನು ಒಂದು ದಿನವೂ ಸೈನ್ಯದಲ್ಲಿ ಇರಲಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ನಮಸ್ಕಾರ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ.

ಈ ಎಲ್ಲದರ ನಡುವೆ ಶಾಂಭವಿ ಬೆಳೆದಳು. ನಸುಕಿನಲ್ಲಿ ಎದ್ದು ಕಾಕಾನ ಮೈದಾನದಲ್ಲಿ ಓಡುತ್ತಿದ್ದಳು. ಅವಳಿಗೂ ಸೈನ್ಯಕ್ಕೆ ಸೇರಬೇಕಿತ್ತು. ಪ್ರತಿ ಆಗಸ್ಟಿಗೂ ಶಾಲೆಯಲ್ಲಿ ಅವಳದೇ ಭಾಷಣ, 'ನನ್ನ ಅಪ್ಪ ಬೆನ್ನು ತೋರಿಸಲಿಲ್ಲ' ಎಂದು ಶುರು. ಮನೆಯಲ್ಲಿ ಅಪ್ಪನ ಫೋಟೋದ ಗಾಜು ಒರೆಸದೆ ನೀರು ಕುಡಿಯುತ್ತಿರಲಿಲ್ಲ. ತುಳಜಾಬಾಯಿ ಒಲೆಯ ಮುಂದೆ ಕೂತು ಅದನ್ನೆಲ್ಲ ನೋಡುತ್ತಿದ್ದಳು. ಆ ಮಗಳ ಎದೆಯೊಳಗಿನ ಅಪ್ಪನನ್ನು ಕಾಯಲೆಂದೇ ಅವಳು ಅಷ್ಟು ವರ್ಷ ತುಟಿ ಬಿಚ್ಚಿರಲಿಲ್ಲ.

ಕಳೆದ ವರ್ಷ ಜನವರಿ ಇಪ್ಪತ್ತಾರಕ್ಕೆ ಒಂದು ಶಾಲೆಯ ಸಮಾರಂಭದಲ್ಲಿ ಗುರುಪಾದ ಮುಖ್ಯ ಅತಿಥಿ. ಖಾದರಸಾಬ ಎಂಬವರೂ ಅಲ್ಲಿದ್ದರು. ಅವರು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು, ಇಲ್ಲಿಯ ಒಂದು ಬ್ಯಾಂಕಿನ ಬಾಗಿಲಲ್ಲಿ ಗಾರ್ಡು. ಮೊಮ್ಮಗಳು ಆಯೇಶಾಳ ಹಾಡು ಕೇಳಲು ಬಂದಿದ್ದರು. ಗುರುಪಾದನ ಎದೆ ನೋಡಿದರು, ಎದ್ದು ಹತ್ತಿರ ಹೋದರು.

"ಸಾಹೇಬ್ರ, ಇವು ಯಾರವು?"

"ನಂದು. ಯಾಕ?"

"ಶೌರ್ಯದ ಪದಕ ಎಲ್ಲಕ್ಕಿಂತ ಮುಂದ ಇರ್ಬೇಕ್ರಿ. ನೀವು ಒಂಬತ್ತ ವರ್ಷದ್ದು ಮುಂದ ಹಾಕ್ಕೊಂಡೀರಿ. ಯಾವ ಪಲ್ಟನ್? ನಂಬರ ಏನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗುರುಪಾದ ಪದಕದ ಮೇಲೆ ಕೈ ಇಟ್ಟುಕೊಂಡ. ನಂಬರು ಹೇಳಲಾಗಲಿಲ್ಲ. ಕೂಗಾಡಿದ. ಹುತಾತ್ಮರಿಗೆ ಅವಮಾನ ಮಾಡುತ್ತಿದ್ದಾರೆ ಎಂದ. ಅಷ್ಟೇ ಸಾಕಾಯಿತು. ಖಾದರಸಾಬರನ್ನು ನೂಕಿದರು, ಅವರ ಜಾತಿ ಹಿಡಿದು ಆಡಬಾರದ ಮಾತು ಆಡಿದರು. ದೇಶಕ್ಕಾಗಿ ಇಪ್ಪತ್ತನಾಲ್ಕು ವರ್ಷ ಬಂದೂಕು ಹಿಡಿದವನಿಗೆ ದೇಶಭಕ್ತಿ ಕಲಿಸಲು ಒಂದು ದಿನವೂ ಊರು ಬಿಡದವರು ಮುಂದಾದರು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. ಅಂದು ಮಾತ್ರ ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಎದ್ದು ನಿಲ್ಲಲಿಲ್ಲ.

ಮರುದಿನ ಖಾದರಸಾಬ ನನ್ನ ಮೇಜಿಗೆ ಬಂದು ದೂರು ಬರೆಸಿದರು. ಹೊಸ ನ್ಯಾಯ ಸಂಹಿತೆಯಲ್ಲಿ ನೂರಾ ಅರವತ್ತೆಂಟನೆಯ ಕಲಂ ಇದೆ. ಸೈನಿಕನಲ್ಲದವನು ತಾನು ಸೈನಿಕನೆಂದು ಮಂದಿ ನಂಬಲಿ ಎಂದು ಸೈನಿಕನ ಉಡುಪು ತೊಟ್ಟರೆ, ಗುರುತು ಧರಿಸಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಕಾನೂನಿನಲ್ಲಿ ದಂಡ ಐದು ನೂರಿತ್ತು. ಫೀ ವಸೂಲಿ ಮಾಡಿದ್ದಕ್ಕೆ ವಂಚನೆಯ ಕಲಂ ಬೇರೆ. ವೇಷ ಹಾಕಿಕೊಂಡವನಿಗೆ ಕಲಂ ಇದೆ. ಸತ್ತವನಿಗೆ ವೇಷ ಹಾಕಿದವರಿಗೆ ಯಾವ ಕಲಮೂ ಇಲ್ಲ.

ದೂರು ಕೊಟ್ಟ ವಾರದಲ್ಲೇ ಖಾದರಸಾಬರ ಗಾರ್ಡು ಕೆಲಸ ಹೋಯಿತು. ಗಲಾಟೆಯ ಮನುಷ್ಯ ನಮಗೆ ಬೇಡ ಎಂದರಂತೆ. ಅವರ ಮೇಲೆಯೇ ಶಾಂತಿಭಂಗದ ಎದುರು ದೂರು ಬಿತ್ತು. ಅಂಗಡಿಯಲ್ಲಿ ಮಾತಾಡಿಸುವವರು ಕಡಿಮೆಯಾದರು. ಒಂದು ಮಧ್ಯಾಹ್ನ ಅವರು ತುಳಜಾಬಾಯಿಯ ಬಾಗಿಲಿಗೆ ಹೋಗಿ ಹೊಸ್ತಿಲ ಹೊರಗೇ ನಿಂತರಂತೆ.

"ನಿಮ್ಮ ಮನಿಯವರ ಬಗ್ಗೆ ನಾ ಒಂದ ಮಾತೂ ಅಂದಿಲ್ರಿ ಬೆಹೆನ್. ಅವ್ರು ನನ್ನ ತಮ್ಮ ಇದ್ದಂಗ. ಅವ್ರ ಪದಕ ಬ್ಯಾರೆಯವ್ರ ಎದಿಮ್ಯಾಲ ನೋಡಾಕ ಆಗ್ಲಿಲ್ಲ, ಅಷ್ಟ." ಇಷ್ಟು ಹೇಳಿ, ಕೊಟ್ಟ ನೀರು ಕುಡಿದು ಹೊರಟುಹೋದರು. ಸಾಕ್ಷಿ ಹೇಳಿ ಎಂದು ಕೇಳಲಿಲ್ಲ.

ಕೇಳಿದವನು ಗುರುಪಾದ. ಅದೇ ಸಂಜೆ ಬಂದ.

"ವೈನಿ, ಪೊಲೀಸ್ರು ನಿಮ್ಮನ್ನ ಕರೀತಾರ. ಮೂರೂ ಪದಕ ಅಣ್ಣಂದು, ನಾನ ಅವಗ ಕೊಟ್ಟೇನಿ ಅಂತ ಹೇಳ್ರಿ, ಮುಗೀತು. ಆ ಲಕೋಟಿ ಹೊರಗ ಬಂದ್ರ ಅಣ್ಣ ಎರಡನೇ ಸಲ ಸಾಯ್ತಾನ. ಶಾಂಭವಿ ಮಾರಿ ನೋಡ್ರಿ ಒಮ್ಮಿ. ಅಣ್ಣಗ ಮಾನ ಕೊಟ್ಟಾವ ನಾನು."

"ಮಾನ ಕೊಟ್ಟಿ, ಖರೆ ಅದ," ಎಂದಳಂತೆ ತುಳಜಾಬಾಯಿ. "ನಿಮ್ಮ ಅವ್ವಗ ಕೊಟ್ಟಿ. ಆಮ್ಯಾಲ ಅದನ್ನ ನೀ ಉಟ್ಕೊಂಡು ತಿರಗಾಕತ್ತಿ. ಈಗ ಒಬ್ಬ ಮನಷ್ಯಾನ ಅನ್ನ ಹೋಗ್ಯಾದ."

ಮರುದಿನ ಸೋಮವಾರ. ಒಂದು ಬಟ್ಟೆ ಚೀಲ ಹಿಡಿದುಕೊಂಡು ಅವಳು ನನ್ನ ಮೇಜಿಗೆ ಬಂದಳು. ಲಕೋಟೆ ತೆಗೆದು ಇಟ್ಟಳು. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಕಾಗದ. ಸಾವಿನ ಕಾರಣದ ಮುಂದೆ ಏನು ಬರೆದಿದೆಯೋ ಅದನ್ನು ನಾನು ಮೂರು ಸಲ ಓದಿದೆ. ಹದಿನಾಲ್ಕು ವರ್ಷದ ಹಿಂದೆ ಒಂದು ಸಲ ಕೇಳಿ ಓದಬೇಕಿದ್ದ ಕಾಗದ ಅದು.

"ಇದನ್ನ ಮೊದಲ ತೋರಿಸ್ಬಾರದೇನವ್ವ?" ಎಂದೆ. ನಾಚಿಕೆಗೆ ಬಾಯಿಗೆ ಬಂದದ್ದು ಅದೇ ಮಾತು.

"ನೀವು ಕೇಳಬಾರದೇನ್ರಿ?" ಎಂದಳು. ದನಿ ಏರಿಸಲಿಲ್ಲ. "ನೀವ ಬರದೀರಿ ಮಲ್ಲಣ್ಣ, ಈಗ ನೀವ ಅಳಸ್ರಿ. ಠಾಣೆಕ್ಕ ನನ್ನ ಸಂಗಟ ಬರ್ರಿ."

"ಶಾಂಭವಿಗೆ ಹೇಳೀಯೇನವ್ವ?"

ಅವಳು ಲಕೋಟೆಯನ್ನು ಮತ್ತೆ ಚೀಲಕ್ಕೆ ಹಾಕಿದಳು. "ಮನಿಯಾಗ ನಾಕ ಸಲ ಬಾಯಿ ತಗದ್ನಿ, ಬರ್ಲಿಲ್ರಿ. ಆ ಫೋಟೋ ಮುಂದ ಹ್ಯಾಂಗ ಹೇಳ್ಲಿ? ಠಾಣೆಕ್ಕ ಕರ್ಕೊಂಡ ಬರ್ತೇನಿ. ಅಕಿ ಅಲ್ಲೇ ಕೇಳಸ್ಕೊಳ್ಲಿ."

ಇದು ತಪ್ಪು ಎಂದು ಹೇಳಬೇಕಿತ್ತು. ಮಗಳಿಗೆ ಅಂಥ ಮಾತನ್ನು ಪೊಲೀಸರ ಮುಂದೆ ಕೇಳಿಸಬಾರದಿತ್ತು. ಆದರೆ ಸರಿ ತಪ್ಪು ಹೇಳುವ ಬಾಯಿ ನನಗೆಲ್ಲಿತ್ತು?

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಒಂದು ಬಟ್ಟೆ ಹಾಸಿ ಜಪ್ತಿ ಮಾಡಿದ್ದ ಮೂರೂ ಪದಕ ಇಟ್ಟರು. ಅವರು ಹಾಸನದ ಕಡೆಯವರು, ಒಳ್ಳೆಯ ಮನುಷ್ಯ. ತುಳಜಾಬಾಯಿ, ಅವಳ ಪಕ್ಕ ಟ್ರ್ಯಾಕ್ ಪ್ಯಾಂಟಿನಲ್ಲೇ ಬಂದಿದ್ದ ಶಾಂಭವಿ, ಹಿಂದೆ ನಾನು. ಶಾಂಭವಿಗೆ ಸಿಟ್ಟು. ಅಪ್ಪನ ಪದಕಕ್ಕೆ ಯಾರೋ ಕೇಸು ಹಾಕಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತು.

"ಇದರಲ್ಲಿ ನಿಮ್ಮ ಯಜಮಾನರದ್ದು ಯಾವುದಮ್ಮ?"

ತುಳಜಾಬಾಯಿ ಒಂದೊಂದನ್ನೇ ಎತ್ತಿಕೊಂಡಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಹೆಬ್ಬೆರಳನ್ನು ಪದಕದ ಅಂಚಿನ ಸುತ್ತ ಮೆಲ್ಲಗೆ ಆಡಿಸಿದಳು. ಕಣ್ಣು ಬೇರೆ ಎಲ್ಲೋ ಇತ್ತು.

"ಇವೆರಡು ಅವರವು ರೀ. ಅಂಚಿನ್ಯಾಗ ಅವರ ನಂಬರ, ಹೆಸರ ಕೆತ್ಯಾರ, ನೋಡ್ರಿ. ಇದು ನುಣ್ಣಗದ. ಇದರಾಗ ಯಾರ ಹೆಸರೂ ಇಲ್ಲ. ಇದು ನಮ್ದಲ್ಲ."

ಸಬ್ ಇನ್ಸ್‌ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿ ಬರೆದುಕೊಂಡರು. ಅಷ್ಟಕ್ಕೇ ಮುಗಿಯಬಹುದಿತ್ತು. ಅವರೇ ಹೇಳಿದರು, "ಉಳಿದದ್ದು ನೀವು ಹೇಳಬೇಕೆಂದೇನಿಲ್ಲ, ದಾಖಲೆ ನಾವೇ ತರಿಸಿಕೊಳ್ಳುತ್ತೇವೆ."

"ಕಾಗದ ಬಂದ ಮ್ಯಾಲ ಅಕಿ ಯಾರದೋ ಬಾಯಿಂದ ಕೇಳ್ತಾಳ್ರಿ," ಎಂದಳು ತುಳಜಾಬಾಯಿ. ಲಕೋಟೆಯನ್ನು ಮೇಜಿನ ಮೇಲೆ ಇಟ್ಟಳು. ಮಗಳ ಕಡೆ ನೋಡಲಿಲ್ಲ. "ನಮ್ಮ ಮನಿಯವರು ಲಡಾಯಿದಾಗ ಸತ್ತಿಲ್ಲ. ತಮ್ಮ ಜೀವ ತಾವ ಕಳಕೊಂಡಾರ. ಗುಂಡ ಯಾರೂ ಹಾರಸ್ಲಿಲ್ಲ. ಅದು ಗರ್ನಾಲ."

ಶಾಂಭವಿ ಮೊದಲು ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ಸುಳ್ಳು ಎಂದು ನಾನು ಹೇಳಲಿ ಎಂಬ ಹಾಗೆ ನೋಡಿದಳು. ನಾನು ನೆಲ ನೋಡಿದೆ.

"ಅವ್ವ, ನಡಿ ಹೋಗೂಣು," ಎಂದಳು. "ನಡಿ, ನಡಿ, ನಡಿ." ಆಮೇಲೆ ತಾನೊಬ್ಬಳೇ ಎದ್ದು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತುಳಜಾಬಾಯಿ ಹೇಳಿಕೆಯ ಮೂರೂ ಪುಟಕ್ಕೆ ಸಹಿ ಹಾಕಿದಳು, ನಾನು ಸಾಕ್ಷಿ ಹಾಕಿದೆ.

ಇದಾದ ಮೇಲೆ ನ್ಯಾಯ ಸಿಕ್ಕಿತು ಎಂದು ಬರೆಯಲು ನನಗೂ ಆಸೆ. ಸೆಪ್ಟೆಂಬರಿನಲ್ಲಿ ಗುರುಪಾದ ವೇಷದ ಕಲಮಿಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ, ಅದೇ ಸಂಜೆ ಚೌಕಿನಲ್ಲಿ ಚಹಾ ಕುಡಿದ. ವಂಚನೆಯ ಕೇಸು ತಾರೀಖಿನ ಮೇಲೆ ತಾರೀಖು ಹೋಗುತ್ತಿದೆ. ತರಬೇತಿ ಕೇಂದ್ರ ಹೆಂಡತಿಯ ಹೆಸರಿಗೆ ಆಯಿತು, ಬೋರ್ಡಿನಿಂದ ಹೋದದ್ದು ಅಣ್ಣನ ಹೆಸರು ಮಾತ್ರ. ಊರಿನ ಸಿಟ್ಟೆಲ್ಲ ತಿರುಗಿದ್ದು ಸತ್ತವನ ಮೇಲೆ. ಹೇಡಿಗೆ ಇಷ್ಟು ವರ್ಷ ಹಾರ ಹಾಕಿದೆವಲ್ಲ ಎಂದರು. ಪುತ್ಥಳಿಯನ್ನು ಕಿತ್ತು, ಗೊಬ್ಬರದ ಚೀಲ ಸುತ್ತಿ, ಟಂಟಂನಲ್ಲಿ ಹೇರಿಕೊಂಡು ಬಂದು ತುಳಜಾಬಾಯಿಯ ಬಾಗಿಲ ಮುಂದೆ ಇಳಿಸಿ ಹೋದರು. ಹದಿನಾಲ್ಕು ವರ್ಷ ಹಿಮದಲ್ಲಿ ನಿಂತವನನ್ನು ಹೇಡಿ ಎನ್ನಲು ನಾಲಿಗೆಗೆ ಏನೂ ಖರ್ಚಿಲ್ಲ. ಖಾದರಸಾಬರಿಗೆ ಇಲ್ಲಿ ಯಾರೂ ಕೆಲಸ ಕೊಡಲಿಲ್ಲ, ಈಗ ಜೇವರ್ಗಿಯ ಒಂದು ಹತ್ತಿ ಗೋದಾಮು ಕಾಯುತ್ತಾರೆ. ಎರಡು ಪದಕ ಕೋರ್ಟಿನಿಂದ ತುಳಜಾಬಾಯಿಗೆ ವಾಪಸು ಬಂದವು. ಶಾಂಭವಿ ಓಡುವುದನ್ನು ಬಿಟ್ಟಳು. ಗೋಡೆಯ ಫೋಟೋ ಇಳಿಸಲಿಲ್ಲ, ಒರೆಸಲೂ ಇಲ್ಲ. ಅಮ್ಮನ ಜೊತೆ ಬೇಕಾದಷ್ಟೇ ಮಾತು, ಉಪ್ಪು ಎಲ್ಲಿ, ಕೀಲಿ ಎಲ್ಲಿ.

ಡಿಸೆಂಬರಿನಲ್ಲಿ ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ, ಸಿಕ್ಕವರನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ತುಳಜಾಬಾಯಿ ನನ್ನನ್ನು ಕರೆದಳು. ಅವಳನ್ನು ಆ ವರ್ಷ ಯಾರೂ ಕರೆದಿರಲಿಲ್ಲ. ಖಾದರಸಾಬರಿಗೂ ಹೇಳಿ ಕಳಿಸಿದ್ದಳು, ಅವರಿಗೆ ರಜೆ ಸಿಗಲಿಲ್ಲ. ಹೊಲದ ಮೂಲೆಯಲ್ಲಿ ಹಣಮಂತರಾಯನ ಸಮಾಧಿ. ಅಲ್ಲಿ ಹೊಸ ಕಲ್ಲು ನಿಂತಿತ್ತು. ಅದರ ಮೇಲಿನ ಮಾತು ನಾನೇ ಬರೆದುಕೊಟ್ಟದ್ದು. ಹೆಸರು, ನಂಬರು, ಸಿಪಾಯಿ, ಹದಿನಾಲ್ಕು ವರ್ಷ ಸೇವೆ, ಅಷ್ಟೇ. ಇಡೀ ಜೀವಮಾನದಲ್ಲಿ ನಾನು ಬರೆದ ಎಲ್ಲಕ್ಕಿಂತ ಚಿಕ್ಕ ಅರ್ಜಿ ಅದು.

ಪೂಜೆ ಮಾಡಿ, ಎಡೆಯ ಅನ್ನವನ್ನು ಹೊಲದ ತುಂಬ ಎರಚಿ ಚರಗ ಚೆಲ್ಲಿ ಊಟಕ್ಕೆ ಕೂತೆವು. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ. ಸುತ್ತಲಿನ ಹೊಲಗಳಲ್ಲಿ ಮಂದಿ ನಗುತ್ತಿದ್ದರು, ನಮ್ಮ ಕಡೆ ಯಾರೂ ತಿರುಗಲಿಲ್ಲ. ಶಾಂಭವಿ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಕಲ್ಲನ್ನೇ ನೋಡುತ್ತಿದ್ದಳು.

"ಅವತ್ತ ಇಲ್ಲೇ ಕುಂತಾಗ ಅಪ್ಪಂದು ಫೋನ್ ಬಂದಿತ್ತಲ್ಲ," ಎಂದಳು. "ಏನಂದ?"

ತುಳಜಾಬಾಯಿ ಕೈ ತೊಳೆದುಕೊಂಡಳು. ನಾನು ಏಳಲು ಹೋದೆ, ಕೂತುಕೊಳ್ಳಿ ಎಂದು ಸನ್ನೆ ಮಾಡಿದಳು.

"ಏನ ಅಡಗಿ ಮಾಡೀರಿ ಅಂತ ಕೇಳಿದ್ರು. ಹೇಳಿದ್ನಿ. ನನಗ ಇಲ್ಲಿ ಇರಾಕ ಆಗವಲ್ದು, ನೌಕರಿ ಬಿಟ್ಟ ಬರ್ತೇನಿ, ಹೊಲ ಮಾಡ್ಕೊಂಡ ಇರೂಣು ಅಂದ್ರು. ಹೊಲದ ತುಂಬ ಮಂದಿ ಇತ್ತು. ಮಿಲ್ಟ್ರಿಯವ್ರ ಫೋನ್ ಅಂತ ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು. ನನಗೂ ಹೆಮ್ಮಿ. ನಾ ನಕ್ಕೋತ ಅಂದ್ನಿ, ಮಿಲ್ಟ್ರಿ ಬಿಟ್ಟ ಓಡಿ ಬಂದ್ರ ಮಂದಿ ಏನಂದಾರು? ಇನ್ನೊಂದ ವರ್ಷ ತಡೀರಿ. ಆಯ್ತು ಅಂದ್ರು. ಫೋನ್ ಇಟ್ರು."

ಪಕ್ಕದ ಹೊಲದಲ್ಲಿ ಯಾರೋ ಯಾರನ್ನೋ ಊಟಕ್ಕೆ ಕೂಗುತ್ತಿದ್ದರು. ಶಾಂಭವಿ ರೊಟ್ಟಿ ಕೆಳಗಿಟ್ಟಳು.

"ಬಾ ಅಂದಿದ್ರ ಬರ್ತಿದ್ನೇನವ್ವ?"

"ಬರ್ತಿದ್ರು," ಎಂದಳು ತುಳಜಾಬಾಯಿ. "ಟ್ರಂಕ ಕಟ್ಟಿ ಇಟ್ಟೇನಿ ಅಂದಿದ್ರು."